ಕೆರೆಯ ಮಾತು ಕಿವಿಗೆ: ಊರಿನ ಪಾಡ್‌ಕಾಸ್ಟ್ ಮಾಡುವುದು ಹೇಗೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಮ್ಮ ನೀರಿನ ಲೆಕ್ಕವೆಲ್ಲ ಕೆರೆಯದ್ದು. ಆದರೂ ಕೆರೆ ಉಳಿಸುವ ಸಭೆ ಕರೆದರೆ ಬರುವವರು ಹತ್ತು ಜನ, ಅವರಲ್ಲಿ ಇಬ್ಬರು ಶಾಮಿಯಾನದವರು. ಅದೇ ಊರಿನ ಅಜ್ಜಿಯ ದನಿ ಮೊಬೈಲಿನಲ್ಲಿ ಬಂದರೆ ಎಲ್ಲರೂ ಕಿವಿಗೊಡುತ್ತಾರೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಮಾಧ್ಯಮ ಕೇಂದ್ರ ಈ ಗುಟ್ಟನ್ನು 2000ರ ದಶಕದ ಆರಂಭದಲ್ಲೇ ಕಂಡುಕೊಂಡಿತ್ತು. ಹಳ್ಳಿಯ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಸಿಗದಿದ್ದ ಆ ಕಾಲದಲ್ಲಿ ಟಿ.ವಿ. ಕೇಬಲ್ಲಿನ ಮೂಲಕವೇ ಊರಿನ ಮಾತನ್ನು ಮನೆಗಳಿಗೆ ಮುಟ್ಟಿಸಿತ್ತು. ಈಗ ಪಾಡ್‌ಕಾಸ್ಟ್, ಅಂದರೆ ಮೊಬೈಲಿನಲ್ಲಿ ಕೇಳುವ ಧ್ವನಿ ಕಂತು, ಮುದ್ರಿಸಲು ಒಂದು ಮೊಬೈಲ್ ಸಾಕು.

ಮೊದಲು ವಿಷಯವನ್ನು ಕಿರಿದಾಗಿಸಿ. ‘ಪರಿಸರ ಸಂರಕ್ಷಣೆ’ ಎಂದರೆ ಜನ ಆಕಳಿಸುತ್ತಾರೆ. ‘ನಮ್ಮ ಕೆರೆ ಕಳೆದ ಸಲ ಕೋಡಿ ಬಿದ್ದದ್ದು ಯಾವಾಗ?’ ಎಂಬುದೊಂದೇ ಒಂದು ಕಂತಿಗೆ ಸಾಕು.

ಎರಡನೆಯದು, ಮಾತನಾಡುವವರು. ತಜ್ಞರು ಆಮೇಲೆ ಬರಲಿ, ಮೊದಲು ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಯನ್ನು ಹುಡುಕಿ. ಜಗುಲಿಯಲ್ಲಿ ಕೂರಿಸಿದರೆ ಅವರೂ ಭಾಷಣಕ್ಕೆ ಇಳಿಯುತ್ತಾರೆ. ಏರಿಯ ಮೇಲೆ ನಡೆಸಿಕೊಂಡು ಹೋಗಿ ತೂಬಿನ ಬಳಿ ನಿಲ್ಲಿಸಿ. ‘ನೀರು ಅಲ್ಲಿಂದ ಬರುತ್ತಿತ್ತು’ ಎಂದು ಕೈ ತೋರಿಸಿದರೆ ಕೇಳುಗರಿಗೆ ಕೈ ಕಾಣದು. ‘ಅಲ್ಲಿ ಅಂದರೆ ಎಲ್ಲಿ?’ ಎಂದು ಕೇಳಿ. ಮುಚ್ಚಿಹೋದ ರಾಜಕಾಲುವೆಯ ದಾರಿಯೆಲ್ಲ ಆಗ ಹೊರಬೀಳುತ್ತದೆ. ನಡುವೆ ತೆಲುಗು ಬಂದರೆ ತಿದ್ದಬೇಡಿ, ಅದು ನಮ್ಮ ಕಡೆಯ ಮಾತೇ.

ಧ್ವನಿಮುದ್ರಣಕ್ಕೆ ಬೆಳಗಿನ ಹೊತ್ತು ಒಳ್ಳೆಯದು, ಗಾಳಿ ಕಡಿಮೆ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿಯಿರಿ. ಮೈಕಿನ ಮೇಲೆ ತೆಳುವಾದ ಕಾಲುಚೀಲ ಎಳೆದರೆ ಗಾಳಿಯ ಸದ್ದು ತಗ್ಗುತ್ತದೆ (ಒಗೆದದ್ದಾಗಿರಲಿ). ಕೊನೆಗೆ ಯಾರೂ ಮಾತನಾಡದೆ ಒಂದು ನಿಮಿಷ ಕೆರೆಯ ಸದ್ದನ್ನಷ್ಟೇ ಹಿಡಿದಿಡಿ.

ಕತ್ತರಿಸಿ ಜೋಡಿಸಲು ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶ ಅಡಾಸಿಟಿ ಇದೆ. ಆದರೆ ಎಲ್ಲಿ ಕತ್ತರಿಸುತ್ತೀರಿ ಎಂಬುದೇ ಮುಖ್ಯ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಆ ಮಾತು ಬಂದರೆ ಜಗಳ ಖಂಡಿತ. ಕೊಳವೆಬಾವಿಯಲ್ಲಿ ನೀರು ಬಂತು ಎನ್ನುವವರನ್ನೂ ಆ ನೀರನ್ನು ನಂಬದವರನ್ನೂ ಉಳಿಸಿಕೊಳ್ಳಿ. ಹಂಚುವ ಮುನ್ನ ಮಾತನಾಡಿದವರಿಗೆ ಕೇಳಿಸಿ ಒಪ್ಪಿಗೆ ಪಡೆಯಿರಿ.

ಎಂಟು ನಿಮಿಷದ ಕಂತನ್ನು ಮೋನೊ (ಒಂದೇ ಚಾನೆಲ್ಲಿನ ಧ್ವನಿ), 64 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 64 ಕಿಲೊಬಿಟ್) ಉಳಿಸಿದರೆ ಸುಮಾರು ನಾಲ್ಕು ಎಂ.ಬಿ.; ವಾಟ್ಸ್‌ಆ್ಯಪಿನಲ್ಲಿ ಸಲೀಸಾಗಿ ಹೋಗುತ್ತದೆ. ಮೊಬೈಲ್ ಇಲ್ಲದವರಿಗೆ ಹಾಲಿನ ಡೇರಿಯ ಸಾಲಿನಲ್ಲಿ ಸ್ಪೀಕರ್ ಇಟ್ಟು ಕೇಳಿಸಿ. ‘ಅವನು ಹೇಳಿದ್ದು ಸುಳ್ಳು, ಕೋಡಿ ಬಿದ್ದದ್ದು ಆ ವರ್ಷವಲ್ಲ’ ಎಂದು ಯಾರಾದರೂ ಕ್ಯಾನು ಕೆಳಗಿಟ್ಟು ರೇಗಿದರೆ ತಕ್ಷಣ ಮೊಬೈಲ್ ತೆಗೆಯಿರಿ. ಎರಡನೆಯ ಕಂತು ಅವರದೇ.