ಎರಡು ಹಾಡಿನ ನಡುವಿನ 40 ಸೆಕೆಂಡು

ಬಾಗಲಕೋಟೆಯಲ್ಲಿ ಸ್ಟೇಜು, ಸೌಂಡು ಹಾಕುವುದು ನನ್ನ ಕೆಲಸ. ಜಿಲ್ಲೆಯ ಹಳೆಯ ಆರು ತಾಲ್ಲೂಕಿನಿಂದ ಒಂದೊಂದು ಜಾನಪದ ತಂಡ ಕರೆಸಿ, ನವನಗರದ ಒಂದು ಸಭಾಭವನದಲ್ಲಿ ಸ್ಪರ್ಧೆ ಮಾಡಿ, ಕೇಬಲ್ ಟಿವಿಯಲ್ಲೂ ಯೂಟ್ಯೂಬಿನಲ್ಲೂ ನೇರ ತೋರಿಸೋಣ ಎಂದು ಗೆಳೆಯರು ಬಂದರು. ನನಗೆ ಕೂಡಲೇ ನೆನಪಾಗಿದ್ದು ಯೂರೋವಿಷನ್, ಯೂರೋಪಿನ ದೇಶಗಳ ಟಿವಿ ಹಾಡಿನ ಸ್ಪರ್ಧೆ. ಅದನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಹಾಡಿಗಾಗಿ ಅಷ್ಟೇ ಅಲ್ಲ, ಹಾಡು ಮುಗಿದ ಮೇಲೆ ಆ ಸ್ಟೇಜಿನ ಮೇಲೆ ಏನು ನಡೆಯುತ್ತದೆ ಎಂದು ತಿಳಿಯೋ ಆಸೆಗೆ.

1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಏಳು ದೇಶ ಸೇರಿ ಶುರು ಮಾಡಿದ ಸ್ಪರ್ಧೆ ಅದು. 2025ರಲ್ಲಿ ಬಾಸೆಲ್ ಊರಿಗೆ ಬಂದಿದ್ದು 37 ದೇಶ. ಫೈನಲ್ ರಾತ್ರಿ 26 ಹಾಡು, ಒಂದರ ಹಿಂದೆ ಒಂದು, ಎಲ್ಲ ನೇರ ಪ್ರಸಾರ. ಗೆದ್ದ ದೇಶ ಮುಂದಿನ ವರ್ಷ ತನ್ನ ನೆಲದಲ್ಲಿ ನಡೆಸಿಕೊಡುವುದು ರೂಢಿ. ದೊಡ್ಡ ಊರೇ ಬೇಕು ಅಂತೇನಿಲ್ಲ. 1993ರಲ್ಲಿ ಐರ್ಲೆಂಡಿನವರು ಅದನ್ನು ಮಿಲ್‌ಸ್ಟ್ರೀಟ್ ಎಂಬಲ್ಲಿ ಮಾಡಿದರು. ಸುಮಾರು 1,500 ಜನರಿದ್ದ ಊರು, ಕುದುರೆ ಸ್ಪರ್ಧೆ ನಡೆಯುವ ಒಂದು ಒಳಾಂಗಣ. ಅಲ್ಲಿ ಆಗಿದ್ದು ಬಾಗಲಕೋಟೆಯಲ್ಲಿ ಯಾಕೆ ಆಗಬಾರದು, ಅಲ್ವಾ?

ಯೂರೋವಿಷನ್‌ನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಸುಮಾರು 40 ಸೆಕೆಂಡಿನ ಒಂದು ಪುಟ್ಟ ಚಿತ್ರ ತೋರಿಸುತ್ತಾರೆ. ಅದಕ್ಕೆ ಪೋಸ್ಟ್‌ಕಾರ್ಡ್ ಅಂತಾರೆ. ಮನೆಯಲ್ಲಿ ಕೂತವರು ಅದನ್ನು ನೋಡುತ್ತಿರುವಾಗ ಇಲ್ಲಿ ಕತ್ತಲಲ್ಲಿ ಹಳೆಯ ಸಾಮಾನು ಹೊರಗೆ ಹೋಗಿ ಹೊಸದು ಒಳಗೆ ಬಂದಿರಬೇಕು. ಇದು ನನಗೆ ಹೊಸದೇನಲ್ಲ. ಬಾದಾಮಿ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಹಿಂದೆ ಹುಡುಗನಾಗಿದ್ದಾಗ ಸುತ್ತಾಡಿದವನು ನಾನು. ಅರಮನೆ ಸೀನು ಮುಗಿಯುತ್ತಿದ್ದ ಹಾಗೆ ಮುಂದೆ ರಸ್ತೆಯ ಪರದೆ ಇಳಿಯುತ್ತದೆ. ಹಾಸ್ಯದವರು ಅದರ ಮುಂದೆ ನಿಂತು ಜನರನ್ನು ನಗಿಸುತ್ತಾರೆ. ಹಿಂದೆ ನಾಲ್ಕು ಜನ ಬರಿಗಾಲಲ್ಲಿ, ಸದ್ದಿಲ್ಲದೆ, ಸಿಂಹಾಸನ ಎತ್ತಿ ಗುಡಿಸಲು ಇಡುತ್ತಾರೆ. ಟಿವಿಯವರ ಪೋಸ್ಟ್‌ಕಾರ್ಡು ನಮ್ಮ ರಸ್ತೆ ಪರದೆಯೇ.

ಆದರೆ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ 1999ರಿಂದ ಆರ್ಕೆಸ್ಟ್ರಾ ಇಲ್ಲ. ವಾದ್ಯದ ಸಂಗೀತ ಮೊದಲೇ ರೆಕಾರ್ಡ್ ಆಗಿರುತ್ತದೆ, ಮುಖ್ಯ ಗಾಯನ ಮಾತ್ರ ಸ್ಟೇಜಿನ ಮೇಲೆ ನಿಜವಾಗಿ ಹಾಡಬೇಕು. ಹಾಗಾಗಿ ಅಲ್ಲಿ ಕಾಣುವ ಗಿಟಾರಿಗೆ ವೈರು ಬೇಕಿಲ್ಲ. ಚೌಡಿಕೆ, ತುಂತುಣಿ, ದಪ್ಪು, ಶಹನಾಯಿಗೆ ಹಾಗೆ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ರೆಕಾರ್ಡ್ ಹಚ್ಚಿ ಚೌಡಿಕೆಯವರನ್ನು ಸುಮ್ನೆ ನಿಲ್ಲಿಸುವುದು ಅವರ ಕೈಗೆ ಮಾಡುವ ಅವಮಾನ. ಅಂದರೆ ಆ 40 ಸೆಕೆಂಡಿನಲ್ಲಿ ನಾವು ಮೈಕುಗಳನ್ನೂ ಬದಲಿಸಬೇಕು.

ಮೊದಲ ಪ್ರಯತ್ನಕ್ಕೆ 2 ನಿಮಿಷ 10 ಸೆಕೆಂಡು ಹಿಡಿಯಿತು. ಎಲ್ಲರೂ ಒಂದೇ ಕಡೆ ನುಗ್ಗುತ್ತಿದ್ದರು. ಆಮೇಲೆ ಬಡಿಗೇರರ ಹತ್ತಿರ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ, ಚಕ್ರವಿರುವ ಎರಡು ಹಲಗೆ ಮಾಡಿಸಿದೆ. ಮೈಕು, ಸ್ಟ್ಯಾಂಡು ಎಲ್ಲ ಹಲಗೆಯ ಮೇಲೇ. ಪ್ರತಿ ಹಲಗೆಗೆ ಎಂಟು ಚಾನೆಲ್ಲಿನ ಒಂದು ಸ್ನೇಕ್ ಕೇಬಲ್ (ಎಂಟು ಮೈಕಿನ ವೈರೂ ಒಂದೇ ಕೇಬಲ್ಲಿನೊಳಗೆ), ಸ್ಟೇಜಿನಲ್ಲಿ ಚುಚ್ಚುವುದು ಒಂದೇ ಪ್ಲಗ್ಗು. ಮಿಕ್ಸರಿನಲ್ಲಿ ಮೊದಲ ಹಲಗೆಗೆ 1ರಿಂದ 8, ಎರಡನೆಯದಕ್ಕೆ 9ರಿಂದ 16. ಒಂದರ ಮೇಲೆ ಹಾಡು ನಡೆಯುವಾಗ ಇನ್ನೊಂದು ಪಕ್ಕದಲ್ಲಿ ತಯಾರಾಗುತ್ತದೆ. ಪ್ಲಗ್ಗು ಚುಚ್ಚುವವರೆಗೆ ಆ ಎಂಟೂ ಚಾನೆಲ್ ಮ್ಯೂಟ್‌ನಲ್ಲಿರಬೇಕು, ಇಲ್ಲದಿದ್ದರೆ ಸ್ಪೀಕರಿನಲ್ಲಿ ಡಬ್ ಅನ್ನುತ್ತದೆ. ನೆಲದ ಮೇಲೆ ತಂಡಕ್ಕೊಂದು ಬಣ್ಣದ ಟೇಪು ಅಂಟಿಸಿದೆವು. ನಾಲ್ಕು ದಿನದ ಅಭ್ಯಾಸದ ಮೇಲೆ 38 ಸೆಕೆಂಡಿಗೆ ಬಂತು. ಆ ಸಂಜೆ ಹುಡುಗರು ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಪುಟ್ಟ ಚಿತ್ರಗಳನ್ನು ಫೋನಿನಲ್ಲೇ ತೆಗೆದೆವು. ಜಮಖಂಡಿಗೆ ಬೆಲ್ಲದ ಗಾಣ, ಬಾದಾಮಿಗೆ ಅಗಸ್ತ್ಯತೀರ್ಥದ ಮೆಟ್ಟಿಲು, ಹುನಗುಂದಕ್ಕೆ ಇಳಕಲ್ಲಿನ ಮಗ್ಗ, ಬೀಳಗಿಗೆ ಕೃಷ್ಣೆಯ ಹಿನ್ನೀರು. ಮಗ್ಗದ ಸದ್ದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಸಂಗೀತ ಹಾಕಲೇ ಇಲ್ಲ.

ಯೂರೋವಿಷನ್‌ನಿಂದ ನಾನು ತರದೇ ಬಿಟ್ಟ ನಿಯಮ ಅಂದರೆ ಮೂರು ನಿಮಿಷದ್ದು. ಅಲ್ಲಿ ಯಾವ ಹಾಡೂ ಮೂರು ನಿಮಿಷ ದಾಟುವಂತಿಲ್ಲ. ಕತೆಯನ್ನು ಹಾಡಾಗಿ ಹೇಳುವ ಗೀಗೀ ತಂಡದ ಹಿರಿಯರಿಗೆ ಇದನ್ನು ಹೇಳಿದಾಗ ಅವರು ದಪ್ಪು ಕೆಳಗಿಟ್ಟು ಕೇಳಿದರು, "ಹಾಡು ಹಿಂಗ ಕತ್ತರಿಸಿದ್ರ ಕತಿ ಎಲ್ಲಿ ಉಳೀತೈತ್ರಿ?" ಅವರ ಮಾತು ನಿಜ. ಅರ್ಧ ಗಂಟೆಯ ಹಾಡು ಅವರದು. ಆರು ನಿಮಿಷ ಕೊಟ್ಟೆವು. ಯಾವ ನುಡಿ ಉಳಿಯಬೇಕು ಎಂದು ನಾವು ಹೇಳಲಿಲ್ಲ, ಅವರೇ ಆರಿಸಿದರು. ಕತೆ ತಿರುಗುವ ಎರಡು ನುಡಿ ಇಟ್ಟುಕೊಂಡರು. ಗೀಗೀಯಲ್ಲಿ ಹಿಮ್ಮೇಳದವರು ಮುಖ್ಯ ಹಾಡುಗಾರರ ಸಾಲು ಮುಗಿಯುವ ಮುಂಚೆಯೇ ದನಿ ಎತ್ತಿಕೊಳ್ಳುತ್ತಾರೆ. ಅವರ ಮೈಕು ಕಡಿಮೆ ಇಟ್ಟರೆ ಹಾಡಿನ ಬೆನ್ನೇ ಮುರಿದ ಹಾಗೆ. ಇದನ್ನು ಸೌಂಡಿನವರಿಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚೌಡಿಕೆ ಪದದ ಅಕ್ಕನಿಗೆ ಮೊದಲು ಎದೆಯ ಮೇಲೆ ಸಣ್ಣ ಮೈಕು ಹಾಕಿದ್ದೆವು. ಇಳಕಲ್ ಸೀರೆಯ ಸೆರಗು ತಾಗಿ ಸರಸರ ಸದ್ದು. ತೆಗೆದು ಸ್ಟ್ಯಾಂಡ್ ಮೈಕು ಇಟ್ಟ ಮೇಲೆ ಆ ದನಿ ಇಡೀ ಹಾಲ್ ತುಂಬಿತು.

ಯೂರೋವಿಷನ್‌ನಲ್ಲಿ ದೇಶದ ತಂಡಗಳು ಬರುವ ಮುಂಚೆ ಬದಲಿ ಜನ ಸ್ಟೇಜಿನ ಮೇಲೆ ನಿಂತು ಹಾಡಿನ ಚಲನೆ ಮಾಡುತ್ತಾರೆ, ಕ್ಯಾಮೆರಾದವರು ಕಲಿಯಲಿ ಎಂದು. ನಾವೂ ಕಾಲೇಜು ಹುಡುಗರನ್ನು ನಿಲ್ಲಿಸಿದೆವು. ಹಿರಿಯ ಹಾಡುಗಾರರಿಗೆ ಇದರಿಂದ ಎಷ್ಟೋ ದಣಿವು ತಪ್ಪಿತು.

ಅಂಕ ಕೊಡುವ ಪದ್ಧತಿಯನ್ನು ಮಾತ್ರ ಹಾಗೇ ತಂದೆ. 1975ರಿಂದ ಅಲ್ಲಿ ಪ್ರತಿ ದೇಶ ತನಗೆ ಹಿಡಿಸಿದ ಹತ್ತು ಹಾಡಿಗೆ ಅಂಕ ಕೊಡುತ್ತದೆ: 12, 10, ಆಮೇಲೆ 8ರಿಂದ 1ರವರೆಗೆ. ತನ್ನ ದೇಶಕ್ಕೆ ತಾನು ಅಂಕ ಕೊಡುವಂತಿಲ್ಲ. ನಮ್ಮ ಪ್ರತಿ ತಾಲ್ಲೂಕಿನಲ್ಲೂ ಐದು ಜನ ಟಿವಿ ನೋಡಿ, ಉಳಿದ ಐದು ತಂಡಗಳಿಗೆ 12, 10, 8, 7, 6 ಕೊಟ್ಟರು. ಅಲ್ಲಿ ಪೂರ್ತಿ ಸೊನ್ನೆಯೂ ಬರುತ್ತದೆ, 2021ರಲ್ಲಿ ಬ್ರಿಟನ್ನಿಗೆ ಹಾಗೇ ಆಯಿತು. ದೇವರ ಪದ ಹಾಡಲು ಹಳ್ಳಿಯಿಂದ ಬಂದವರನ್ನು ಸೊನ್ನೆ ಕೊಟ್ಟು ಕಳಿಸುವುದು ನನ್ನಿಂದಾಗದು. ಫೋನಿನಲ್ಲಿ ಅಂಕ ಹೇಳುವವರ ದನಿ ಅವರಿಗೇ ವಾಪಸ್ ಹೋದರೆ ಗೋಲಗುಮ್ಮಟದೊಳಗೆ ನಿಂತು ಮಾತಾಡಿದ ಹಾಗಾಗುತ್ತದೆ. ಹಾಗಾಗಿ ಅವರಿಗೆ ಕಳಿಸುವ ಸೌಂಡಿನಲ್ಲಿ ಅವರ ಚಾನೆಲ್ ಒಂದನ್ನು ಬಿಟ್ಟು ಉಳಿದಿದ್ದೆಲ್ಲ ಕಳಿಸಿದೆವು.

ಐದನೇ ತಂಡ ಹಾಡುವಾಗ ಕರೆಂಟ್ ಹೋಯಿತು. ಮಿಕ್ಸರು, ನೇರ ಪ್ರಸಾರ ಕಳಿಸುವ ಎನ್‌ಕೋಡರ್ ಯುಪಿಎಸ್ ಮೇಲಿದ್ದವು. ಆದರೆ ಲೈಟು, ಆಂಪ್ಲಿಫೈಯರು ಜನರೇಟರಿಗೆ ಬದಲಾಗಲು 12 ಸೆಕೆಂಡು ಬೇಕು. ಹಿಂದಿನ ರಾತ್ರಿಯ ರಿಹರ್ಸಲ್ ಪೂರ್ತಿ ರೆಕಾರ್ಡ್ ಮಾಡಿಟ್ಟಿದ್ದೆ. 2021ರಲ್ಲಿ ಐಸ್‌ಲ್ಯಾಂಡ್ ತಂಡದಲ್ಲಿ ಕೋವಿಡ್ ಬಂದಾಗ ರಿಹರ್ಸಲ್ ರೆಕಾರ್ಡನ್ನೇ ತೋರಿಸಿದ್ದರು, ಅದು ತಲೆಯಲ್ಲಿತ್ತು. ಅದನ್ನು ಹಚ್ಚಲು ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ಕತ್ತಲ ಹಾಲಿನಿಂದ ದನಿ ಬಂತು. ಚೌಡಿಕೆ ಅಕ್ಕ ಹಾಡು ನಿಲ್ಲಿಸಿರಲೇ ಇಲ್ಲ. ಮೈಕುಗಳು ಜೀವಂತ ಇದ್ದವು, ಮನೆಯಲ್ಲಿದ್ದವರಿಗೆ ಪರದೆ ಕಪ್ಪಾಗಿ ಹಾಡು ಮಾತ್ರ ಕೇಳಿತು. ನಾನು ಬೆರಳು ತೆಗೆದೆ. ಲೈಟು ಬಂದಾಗ ಜನ ಎದ್ದು ನಿಂತಿದ್ದರು.

ಗೆದ್ದಿದ್ದು ಹುನಗುಂದ. ಮುಂದಿನ ಸಲ ಅಲ್ಲೇ ಮಾಡುತ್ತೇವೆ. ಅಲ್ಲಿಯವರು ಫೋನ್ ಮಾಡಿ ಹಾಲ್ ಗೊತ್ತಾಯಿತು, ಎಷ್ಟು ಕುರ್ಚಿ ಬೇಕು ಎಂದು ಕೇಳಿದರು. ಕುರ್ಚಿ ಆಮೇಲೆ ನೋಡೋಣ, ಸ್ಟೇಜಿನ ಪಕ್ಕದ ಬಾಗಿಲು ಎಷ್ಟು ಅಗಲ ಇದೆ ಮೊದಲು ಅಳೆದು ಹೇಳಿ ಎಂದೆ. ಟೇಪು ತರಲು ಹೋಗಿದ್ದಾರೆ.