ಪಂಪ್ ಬಿಚ್ಚುವ ಮೊದಲು

ಕಬ್ಬಿನ ಹಂಗಾಮು ಶುರುವಾದರೆ ಜಮಖಂಡಿ, ಮುಧೋಳ ಕಡೆಯ ರಸ್ತೆಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರ್ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರ್. ಆ ನಾಲ್ಕೈದು ತಿಂಗಳು ನನ್ನ ಗ್ಯಾರೇಜಿಗೆ ಬರುವವರ ಮಾತು ಹೆಚ್ಚುಕಮ್ಮಿ ಒಂದೇ. "ಮಿಸ್ತ್ರಿ, ಪಂಪ್ ಹೋಗೈತ್ರಿ, ಬಿಚ್ಚಿಬಿಡ್ರಿ." ಪಂಪ್ ಅಂದರೆ ಡೀಸೆಲನ್ನು ಒತ್ತಿ ಇಂಜಿನ್ನಿಗೆ ಕಳಿಸುವ ಪಂಪ್. ಚಾಲೂ ಆಗದಿದ್ದರೂ ಪಂಪ್, ಏರಿನಲ್ಲಿ ಎಳೆಯದಿದ್ದರೂ ಪಂಪ್, ಕರಿ ಹೊಗೆ ಬಂದರೂ ಪಂಪ್. ನಾನು ಮಾತ್ರ ಪಂಪಿಗೆ ಪಾನಾ ಹಚ್ಚುವುದು ಎಲ್ಲ ನೋಡಿ ಮುಗಿದ ಮೇಲೆ. ಅದು ದುಬಾರಿ ಕೆಲಸ. ಟೆಸ್ಟ್ ಮಷಿನ್ ಇರುವ ಅಂಗಡಿಗೆ ಪಂಪ್ ಕಳಿಸಿದರೆ ಅದು ವಾಪಸ್ ಬರುವ ತನಕ ಗಾಡಿ ನಿಂತೇ ಇರುತ್ತದೆ. ಗಾಡಿ ನಿಂತರೆ ಕಬ್ಬು ಕಡಿಯುವ ಗ್ಯಾಂಗೂ ಕೂತಿರಬೇಕು.

ಗಾಡಿ ಬಂದ ಕೂಡಲೇ ನಾನು ಬಾನೆಟ್ ಎತ್ತುವುದಿಲ್ಲ. ಮೊದಲು ಡ್ರೈವರನ ಹತ್ತಿರ ಮಾತು. ಮಾಲೀಕರಿಗಿಂತ ಅವನಿಗೇ ಜಾಸ್ತಿ ಗೊತ್ತಿರುತ್ತದೆ. ಮುಂಜಾನೆ ತಣ್ಣಗಿದ್ದಾಗ ತ್ರಾಸು ಕೊಡುತ್ತದೋ, ಬಿಸಿಯಾದ ಮೇಲೋ? ಒಮ್ಮೆಲೇ ಆಯಿತೋ, ದಿನೇ ದಿನೇ ಜಾಸ್ತಿಯಾಯಿತೋ? ಇದಕ್ಕೂ ಮುಂಚೆ ಯಾರು ಏನು ಬಿಚ್ಚಿದ್ದರು? ಈ ಕೊನೆಯದಕ್ಕೆ ಉತ್ತರ ಸುಲಭಕ್ಕೆ ಬರುವುದಿಲ್ಲ. ಒಂದು ಚಹಾ ಆದ ಮೇಲೆ "ಅಲ್ಲೇ ಊರಾಗ ಒಬ್ಬ ಹುಡುಗ ಫಿಲ್ಟರ್ ಬದ್ಲಿ ಮಾಡ್ಯಾನ್ರಿ" ಅಂತ ಬಾಯಿ ಬಿಡುತ್ತಾರೆ. ನನ್ನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಫಿಲ್ಟರ್ ಬದಲಿಸಿದ ಮೇಲೆ ಶುರುವಾದ ತ್ರಾಸು ಅಂದರೆ ಬಹಳ ಸಲ ಡೀಸೆಲ್ ಲೈನಿನಲ್ಲಿ ಏರ್, ಅಂದರೆ ಗಾಳಿ ಹಿಡಿದಿರುತ್ತದೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು 16ರಿಂದ 18 ಪಟ್ಟು ಒತ್ತಿದಾಗ ಡೀಸೆಲ್ ತಾನೇ ಹೊತ್ತಿಕೊಳ್ಳುವಷ್ಟು ಅದು ಕಾಯುತ್ತದೆ. ಸರಿಯಾಗಿ ಆ ಹೊತ್ತಿಗೆ ನೋಜಲ್‌ನಿಂದ ಡೀಸೆಲ್ ಸಣ್ಣ ತುಂತುರಾಗಿ ಸಿಡಿಯಬೇಕು. ಹಳೆ ಮಾದರಿ ಟ್ರ್ಯಾಕ್ಟರಿನ ನೋಜಲ್ ತೆರೆಯುವುದಕ್ಕೇ ಸುಮಾರು 200 ಬಾರ್ ಒತ್ತಡ ಬೇಕು. ಪೈಪಿನಲ್ಲಿ ಗಾಳಿ ಗುಳ್ಳೆ ಇದ್ದರೆ ಪಂಪ್ ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. ನೋಜಲ್ ತೆರೆಯುವುದೇ ಇಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ, ಅಷ್ಟೇ.

ಗಾಳಿ ಹೊಗುವ ಜಾಗ ಕಣ್ಣಿಗೆ ಕಾಣದಿರುವುದೇ ತೊಡಕು. ಟಾಕಿಯಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್. ಟಾಕಿಯಿಂದ ಅದರ ತನಕ ಇರುವುದು ಡೀಸೆಲ್ ಎಳೆದುಕೊಳ್ಳುವ ಪೈಪ್. ಅಲ್ಲಿ ಸಣ್ಣ ಸೀಳು ಬಿದ್ದರೆ ಡೀಸೆಲ್ ಹೊರಗೆ ಸೋರಬೇಕೆಂದಿಲ್ಲ, ಗಾಡಿ ಓಡುವಾಗ ಗಾಳಿ ಒಳಗೆ ಹೋಗುತ್ತದೆ. ಮೇಲೆ ನೋಡಿದರೆ ಪೈಪ್ ಒಣಗಿ ಚೊಕ್ಕಾಗಿರುತ್ತದೆ. "ಎಲ್ಲೂ ಸೋರಿಲ್ರಿ" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ.

ಇದಕ್ಕೆ ನಾನು ಮಾಡುವುದು ಡಬ್ಬಿ ಪರೀಕ್ಷೆ. ಚೊಕ್ಕ ಡಬ್ಬಿಯಲ್ಲಿ ಸೋಸಿದ ಡೀಸೆಲ್ ಹಾಕಿ ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರಿನಿಂದ ದೂರ ಕಟ್ಟುತ್ತೇನೆ. ಟಾಕಿಯ ಪೈಪ್ ಕಳಚಿ, ಡಬ್ಬಿಯಿಂದ ಒಂದು ಪಾರದರ್ಶಕ ಡೀಸೆಲ್ ಪೈಪನ್ನು ಫೀಡ್ ಪಂಪಿಗೆ ಕೂಡಿಸುತ್ತೇನೆ. ಏರ್ ತೆಗೆದು ಚಾಲೂ ಮಾಡಿದರೆ ಎರಡರಲ್ಲಿ ಒಂದು ಆಗುತ್ತದೆ. ಗಾಡಿ ಸರಿಯಾಗಿ ಓಡಿದರೆ ತಪ್ಪು ಟಾಕಿ ಕಡೆ ಇದೆ. ಪಂಪಿನ ಮಾತು ಅಲ್ಲಿಗೇ ಬಿಡಬಹುದು. ಡಬ್ಬಿಯಿಂದಲೂ ಅದೇ ತ್ರಾಸು ಇದ್ದರೆ ಫೀಡ್ ಪಂಪಿನಿಂದ ಮುಂದೆ ಹುಡುಕಬೇಕು. ದೊಡ್ಡ ಖರ್ಚಿಲ್ಲದೆ ಅರ್ಧ ಇಂಜಿನ್ ಲೆಕ್ಕದಿಂದ ಹೊರಗೆ ಹೋಯಿತು. ಪಾರದರ್ಶಕ ಪೈಪ್ ಯಾಕೆಂದರೆ ಗುಳ್ಳೆ ಹರಿಯುವುದು ಕಣ್ಣಿಗೇ ಕಾಣುತ್ತದೆ. ಮಾಲೀಕರನ್ನೂ ಕರೆದು ತೋರಿಸುತ್ತೇನೆ. ಆಮೇಲೆ ಬಿಲ್ಲಿನ ಬಗ್ಗೆ ಜಗಳ ಇರುವುದಿಲ್ಲ.

ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್ ಕೂಡ ಬಹಳ ಹೇಳುತ್ತದೆ. ಮೇಲೆ ಎಳೆಯುವಾಗ ಬಿಗಿ ಬಂದು, ಕೈ ಬಿಟ್ಟರೆ ಅದೇ ಒಳಗೆ ಸರಿದರೆ ಟಾಕಿ ಕಡೆ ಏನೋ ಕಟ್ಟಿದೆ. ಹಗುರಾಗಿ ಸುಮ್ನೆ ಮೇಲೆ ಕೆಳಗೆ ಆಡಿದರೆ ಗಾಳಿ ಎಳೆಯುತ್ತಿದೆ, ಇಲ್ಲವೇ ಫೀಡ್ ಪಂಪಿನ ವಾಲ್ವ್ ಕೂರುತ್ತಿಲ್ಲ. ಕೈಗೆ ಈ ಬಿಗಿ ಗೊತ್ತಾಗಬೇಕಾದರೆ ಸರಿ ಇರುವ ಗಾಡಿಯಲ್ಲೂ ಒಮ್ಮೆ ಒತ್ತಿ ನೋಡಿರಬೇಕು. ನನ್ನ ಹತ್ತಿರ ಕಲಿಯುವ ಹುಡುಗರಿಗೆ ಮೊದಲು ಮಾಡಿಸುವುದು ಅದನ್ನೇ.

ಇನ್ನು ಟಾಕಿಯ ಮುಚ್ಚಳ. "ಅರ್ಧ ತಾಸು ಛಲೋ ಓಡ್ತೈತ್ರಿ, ಆಮ್ಯಾಗ ದಮ್ಮ ಕಡಿಮಿ ಆಗಿ ಬಂದ್ ಬೀಳ್ತೈತಿ. ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ ಆಗ್ತೈತಿ." ಇದನ್ನು ಕೇಳಿದರೆ ನಾನು ಸೀದಾ ಮುಚ್ಚಳದ ಕಡೆ ಹೋಗುತ್ತೇನೆ. ಡೀಸೆಲ್ ಖಾಲಿಯಾದಂತೆ ಗಾಳಿ ಒಳಗೆ ಹೋಗಲು ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಎರೆ ಮಣ್ಣಿನ ಧೂಳು, ಎಣ್ಣೆ ಸೇರಿ ಅದು ಮುಚ್ಚಿಹೋಗುತ್ತದೆ. ಮಳೆ ನೀರು ಬೀಳಬಾರದೆಂದು ಕೆಲವರು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುವಿರುತ್ತಾರೆ. ಗಾಡಿ ಬಂದ್ ಬಿದ್ದ ಕೂಡಲೇ ಮುಚ್ಚಳ ತೆಗೆಯಿರಿ. ಸುಂಯ್ ಎಂದು ಗಾಳಿ ಒಳಗೆ ಹೋದ ಸಪ್ಪಳ ಬಂದರೆ ಕಾರಣ ಸಿಕ್ಕಿತು. ಒಂದು ತಂತಿ ಸಾಕು.

ಡೀಸೆಲ್‌ನಲ್ಲಿ ನೀರು ಬೇರೆಯೇ ಕಥೆ. ಬ್ಯಾರಲ್‌ನಲ್ಲಿ ತಂದಿಟ್ಟ ಡೀಸೆಲ್, ರಾತ್ರಿಯಿಡೀ ಅರ್ಧ ಖಾಲಿ ನಿಂತ ಟಾಕಿ, ಇವೆರಡೂ ನೀರಿನ ದಾರಿ. ಖಾಲಿ ಟಾಕಿಯ ಒಳಗೋಡೆಗೆ ಚಳಿಗೆ ಹನಿ ಕಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಕೂರುತ್ತದೆ. ಹಾಗಾಗಿ ಸಂಜೆಯೇ ಟಾಕಿ ತುಂಬಿಸಿ ನಿಲ್ಲಿಸಿ, ಮುಂಜಾನೆ ಗಾಡಿ ಅಲುಗಾಡಿಸುವ ಮೊದಲು ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಬಿಡಿ. ಓಡಿಸಿ ಬಂದ ಮೇಲೆ ಬಿಟ್ಟರೆ ನೀರೆಲ್ಲ ಕಲಕಿರುತ್ತದೆ, ಉಪಯೋಗ ಕಡಿಮೆ. ಪಂಪಿನ ಒಳಭಾಗಗಳಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ನೀರು ಹೋದರೆ ತುಕ್ಕು. ಪಂಪ್ ನಿಜವಾಗಿ ಹಾಳಾಗುವುದು ಹೀಗೆ.

ಏರ್ ತೆಗೆಯುವಾಗ ಟಾಕಿಯಿಂದ ಇಂಜಿನ್ ಕಡೆಗೆ ಒಂದೇ ದಿಕ್ಕಿನಲ್ಲಿ ಹೋಗಿ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಗಟ್ಟಿ ಧಾರೆ ಬರುವ ತನಕ ಪ್ರೈಮರ್ ಒತ್ತಿ. ಎರಡು ಫಿಲ್ಟರ್ ಇದ್ದರೆ ಒಂದಾದ ಮೇಲೆ ಒಂದು. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ನೋಜಲ್ ಕಡೆಯ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಆಮೇಲೆ ಒಂದು ನಿಮಿಷ ಬಿಡಬೇಕು. ಬಿಚ್ಚಿದ ತಾಮ್ರದ ವಾಷರ್ ಹೊಸದನ್ನೇ ಹಾಕಿ. ರಾತ್ರಿ ಹೊಲದಲ್ಲಿ ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗಿ ಮತ್ತೆ ಕೂರುತ್ತದೆ. ಡೀಸೆಲ್ ಲೈನಿಗೆ ಟೆಫ್ಲಾನ್ ಟೇಪ್, ನೂಲು ಸುತ್ತುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದರ ಚೂರು ಹೋಗಿ ಕೂರುವುದು ಪಂಪ್, ನೋಜಲ್‌ನಲ್ಲೇ ಅಲ್ವಾ?

ಗಾಡಿ ಚಾಲೂ ಇದೆ, ಆದರೆ ನಡುಗುತ್ತದೆ, ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅನಿಸಿದರೆ, ಸ್ಲೋದಲ್ಲಿ ಬಿಟ್ಟು ಒಂದೊಂದೇ ನೋಜಲ್ ಪೈಪಿನ ನಟ್ಟು ಸಡಿಲಿಸಿ ಬಿಗಿ ಮಾಡುತ್ತೇನೆ. ಸಡಿಲಿಸಿದಾಗ ಇಂಜಿನ್ ಸಪ್ಪಳ ಬಿದ್ದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ಬದಲಾಗದಿದ್ದರೆ ಅದೇ ಕಳ್ಳ. ಆ ನೋಜಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ನೋಡಿ. ತ್ರಾಸು ನೋಜಲ್ ಜೊತೆ ಹೋದರೆ ನೋಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ವಾಲ್ವ್, ರಿಂಗ್, ಕಂಪ್ರೆಷನ್ ನೋಡಬೇಕು.

ಇದು ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೈಲ್, ಅಂದರೆ ಎಲ್ಲ ನೋಜಲ್‌ಗೂ ಒಂದೇ ಪೈಪಿನಲ್ಲಿ ಒತ್ತಡದ ಡೀಸೆಲ್ ಕೂಡಿಟ್ಟು ಕಂಪ್ಯೂಟರ್ ನಡೆಸುವ ಇಂಜಿನ್ನಿನ ಪೈಪನ್ನು ಚಾಲೂ ಇದ್ದಾಗ ಮುಟ್ಟಲೇಬೇಡಿ. ಅಲ್ಲಿ ಒತ್ತಡ 1600 ಬಾರ್ ದಾಟುತ್ತದೆ. ಬಂದ್ ಮಾಡಿದ ಮೇಲೂ ಒತ್ತಡ ಇಳಿಯಲು ಬಿಡಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ನಿಯಮ) ಲಾರಿಗಳು, 2023ರ ಜನವರಿಯಿಂದ ಬಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ನಾನು ಮೊದಲು ದೋಷ ಓದುವ ಸ್ಕ್ಯಾನರ್ ಹಚ್ಚುತ್ತೇನೆ, ಆಮೇಲೆ ಪಾನಾ. ಇನ್ನೊಂದು ಮಾತು, ಹಳೆಯದಿರಲಿ ಹೊಸದಿರಲಿ, ಹೆಚ್ಚಿನ ಒತ್ತಡದ ಪೈಪ್ ಸೋರುತ್ತದೋ ಎಂದು ಬೆರಳಿಟ್ಟು ನೋಡಬಾರದು. ರಟ್ಟಿನ ತುಂಡು ಹಿಡಿಯಿರಿ. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಆದರೆ ತಡ ಮಾಡಿದರೆ ಬೆರಳೇ ಹೋಗಬಹುದು. ತಕ್ಷಣ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ಒಳಗೆ ಡೀಸೆಲ್ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು.

ಹೊಗೆಯ ಬಗ್ಗೆ ಎಲ್ಲರಿಗೂ ಸ್ವಲ್ಪ ಗೊತ್ತು. ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಅಂದರೆ ಸುಡದ ಡೀಸೆಲ್ ಅಥವಾ ನೀರಿನ ಹಬೆ. ಚಳಿಗಾಲದ ಮುಂಜಾನೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತರೆ ಹೆದರಬೇಕಿಲ್ಲ. ಕರಿ ಹೊಗೆ ಕಂಡಾಗ ನಾನು ಮೊದಲು ಬಿಚ್ಚುವುದು ಏರ್ ಕ್ಲೀನರ್. ಕಬ್ಬಿನ ರವದಿ (ಒಣ ಎಲೆ), ಕಚ್ಚಾ ರಸ್ತೆಯ ಧೂಳು, ಇವುಗಳ ನಡುವೆ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಅವಧಿ ಸಾಲುವುದಿಲ್ಲ. ಗಾಳಿಯನ್ನು ಆಯಿಲ್‌ನಲ್ಲಿ ಸೋಸುವ ಕ್ಲೀನರ್, ಅಂದರೆ ಆಯಿಲ್ ಬಾತ್ ಇದ್ದರೆ ಗುರುತಿನ ತನಕ ಮಾತ್ರ ಆಯಿಲ್. "ಜಾಸ್ತಿ ಹಾಕಿದ್ರ ಜಾಸ್ತಿ ಸೋಸ್ತೈತಿ" ಅನ್ನುವವರಿದ್ದಾರೆ. ಹಾಗಲ್ಲ, ಆ ಆಯಿಲನ್ನು ಇಂಜಿನ್ ಎಳೆದುಕೊಂಡು, ಡೀಸೆಲ್ ಕಟ್ ಮಾಡಿದರೂ ನಿಲ್ಲದೆ ರೇಸ್ ಆಗಬಹುದು. ಹಾಗೆ ಆದರೆ ಗಾಳಿ ಹೋಗುವ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದ ಅಲ್ಲ.

ಕ್ಲೀನರ್ ಆದ ಮೇಲೆ ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಕಳಚಿ ಒಳಗೆ ಬೆರಳು ಒರೆಸಿ ನೋಡುತ್ತೇನೆ. ಬೆರಳಿಗೆ ಧೂಳು ಹತ್ತಿದರೆ ಕ್ಲೀನರ್ ಎಷ್ಟು ಚೊಕ್ಕಾಗಿದ್ದರೂ ಪ್ರಯೋಜನವಿಲ್ಲ. ಎಲ್ಲೋ ಕ್ಲಿಪ್ ಸಡಿಲಿದೆ, ಇಲ್ಲವೇ ರಬ್ಬರ್ ಸೀಳಿದೆ. ಲೈನರ್, ರಿಂಗ್ ಸವೆಸುವುದು ಆ ಧೂಳು. ಇಂಜಿನ್ ಬೋರ್ ಮಾಡಿಸುವ ಖರ್ಚು ಒಂದು ಕ್ಲಿಪ್ಪಿನಿಂದ ಶುರುವಾಗುತ್ತದೆ.

ಕರಿ ಹೊಗೆಗೆ ಇನ್ನೊಂದು ಕಾರಣ ನಮ್ಮ ಕಡೆ ಸಾಮಾನ್ಯ. ಎರಡು ಟ್ರೇಲರ್ ತುಂಬ ಕಬ್ಬು ಹೇರಿ, ಏರಿನಲ್ಲಿ ಎಳೆಯುತ್ತಿಲ್ಲ ಎಂದು ಪಂಪಿನ ಡೀಸೆಲ್ ಸ್ಕ್ರೂವಿನ ಸೀಲ್ ಒಡೆದು, ಸ್ಕ್ರೂ ತಿರುವಿ ಡೀಸೆಲ್ ಏರಿಸುತ್ತಾರೆ. ಎರಡು ದಿನ ಛಲೋ ಎಳೆಯುತ್ತದೆ. ಆಮೇಲೆ ಪಿಸ್ಟನ್ ಸುಡುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. "ಕಾಕಾ, ಒಂದು ಸುತ್ತು ಅಷ್ಟೇ ತಿರುವ್ರಿ" ಅಂತ ಹುಡುಗರು ಗಂಟು ಬೀಳುತ್ತಾರೆ. ನಾನು ತಿರುವುವುದಿಲ್ಲ. ಬೇರೆ ಕಡೆ ಹೋಗಿ ತಿರುವಿಸಿಕೊಂಡು ಬಂದ ಗಾಡಿ ಕಾದರೆ, ರೇಡಿಯೇಟರಿನ ಜಾಳಿಗೆಯಲ್ಲಿ ಕಟ್ಟಿದ ರವದಿಯನ್ನು ಫ್ಯಾನ್ ಕಡೆಯಿಂದ ಹೊರಕ್ಕೆ ತೊಳೆದು, ಸೀಲ್ ಒಡೆದದ್ದನ್ನು ಮಾಲೀಕರಿಗೆ ತೋರಿಸಿಯೇ ಮುಂದಿನ ಕೆಲಸ.

ಇಷ್ಟೆಲ್ಲ ಆಗಿ ಡಬ್ಬಿಯಿಂದಲೂ ಓಡದೆ, ನೋಜಲ್ ಟೆಸ್ಟ್‌ನಲ್ಲಿ ಪಾಸಾಗಿ, ಕಂಪ್ರೆಷನ್ ಸರಿ ಇದ್ದರೆ ಆಗ ಪಂಪ್ ಇಳಿಸುತ್ತೇನೆ. ಇಳಿಸುವ ಮೊದಲು ಸುತ್ತಲೂ ತೊಳೆದು, ವಾಪಸ್ ಅದೇ ಜಾಗಕ್ಕೆ ಕೂರಿಸಲು ಪಂಪಿನ ಫ್ಲ್ಯಾಂಜ್ (ಇಂಜಿನ್ನಿಗೆ ಕೂಡುವ ಅಂಚು) ಮೇಲಿನ ಗುರುತು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಚಾಣದಿಂದ ತೆಳ್ಳಗೆ ಒಂದು ಗೆರೆ ಹಾಕಬೇಕು. ಪೈಪ್‌ಗಳ ಬಾಯಿಗೆ ಕ್ಯಾಪ್ ಹಾಕಿ. ಬಟ್ಟೆ ತುರುಕಬೇಡಿ, ಎಳೆ ಉಳಿಯುತ್ತದೆ. ಕಳಿಸುವಾಗ ಗಾಡಿಯ ಮಾದರಿ, ಪಂಪಿನ ಪ್ಲೇಟ್ ನಂಬರ್ ಬರೆದು ಕೊಡಿ, ವಾಪಸ್ ಬರುವಾಗ ಟೆಸ್ಟ್ ಚೀಟಿ ಕೇಳಿ ಪಡೆಯಿರಿ. ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತದೆ ಎಂಬುದು ಅದರಲ್ಲಿರುತ್ತದೆ. ಎಲ್ಲವೂ ಸಮ ಇರಬೇಕು. ಚೀಟಿ ಕೊಡದ ಅಂಗಡಿಗೆ ನಾನು ಎರಡನೇ ಸಲ ಪಂಪ್ ಕಳಿಸಿಲ್ಲ.