ಅರಿಶಿನ, ಸುಣ್ಣದ ತಿಳಿ ಮತ್ತು ರೋಗಿ ತಪಾಸಣೆ: ನನ್ನ ಅನುಭವ

ರೋಗಿಯ ತಪಾಸಣೆ ಒಂದು ಪಾಠ, ಸೋಂಕು ತಡೆ ಇನ್ನೊಂದು ಪಾಠ ಎಂದು ಬೇರ್ಪಡಿಸಿ ಕಲಿಸುವುದನ್ನು ನಾನು ಕೈಬಿಟ್ಟು ಕೆಲವು ವರ್ಷಗಳಾದವು. ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇವೆ ಮುಗಿಸಿ ತೀರ್ಥಹಳ್ಳಿಗೆ ಮರಳಿದ ಮೇಲೆ, ಅದೇ ಹುದ್ದೆಗೆ ಆಯ್ಕೆಯಾಗಿ ಲಖನೌದ ತರಬೇತಿ ಕೇಂದ್ರಕ್ಕೆ ಹೊರಡಲಿರುವ ಹುಡುಗರಿಗೆ ನಾವು ಮೂವರು ನಿವೃತ್ತರು ಸೇರಿ ಪೂರ್ವಸಿದ್ಧತೆ ಮಾಡಿಸುತ್ತೇವೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿ ಬಂದ ಈ ಹುಡುಗರಿಗೆ ಹೃದಯದ ನಾಲ್ಕು ಕೋಣೆಗಳು ಗೊತ್ತು. ಆದರೆ ತಪಾಸಣೆಯ ಐದು ನಿಮಿಷದಲ್ಲಿ ತಮ್ಮ ಹತ್ತು ಬೆರಳುಗಳು ಎಲ್ಲೆಲ್ಲಿಗೆ ಹೋಗಿ ಬಂದವು ಎಂಬುದು ಗೊತ್ತಿರುವುದಿಲ್ಲ. ಅದನ್ನು ಅವರ ಕಣ್ಣಿಗೇ ತೋರಿಸುವ ಉಪಾಯ ಈಗ ಕೈಹಿಡಿದಿದೆ. ‘ಅಡುಗೆಮನೆ ಸಾಮಾನಿನಿಂದ ಮೆಡಿಕ್ ತಯಾರಾಗುವುದಿಲ್ಲ’ ಎಂದಿದ್ದ ನಮ್ಮ ಸುಬೇದಾರ್ ಸಾಹೇಬರೇ ಕಳೆದ ಮಳೆಗಾಲದಲ್ಲಿ ತಮ್ಮ ತಂಡಕ್ಕೆ ಇದನ್ನು ಮಾಡಿಸಿದ್ದರಿಂದ, ಇದೇ ಕೆಲಸದಲ್ಲಿರುವವರಿಗಾಗಿ ಬರೆದಿಡುತ್ತಿದ್ದೇನೆ.

ನಾವು ಮೊದಲು ಹಣ ಹಾಕಿದ್ದು ನೇರಳಾತೀತ ಟಾರ್ಚ್ ಮತ್ತು ಅದರ ಬೆಳಕಿಗೆ ಹೊಳೆಯುವ ಲೋಷನ್ ಮೇಲೆ. ಲೋಷನ್ ಬಾಟಲಿಗೆ ಎರಡು ಸಾವಿರದ ಹತ್ತಿರ, ಟಾರ್ಚಿಗೆ ಆರೇಳು ನೂರು ಕೊಟ್ಟ ನೆನಪು. ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಅದು ಒಳ್ಳೆಯ ಸಾಧನವೇ ಇರಬಹುದು, ಆದರೆ ನಮ್ಮ ತರಗತಿ ನಡೆಯುವುದು ತಗಡಿನ ಮಾಡಿನ ಕೆಳಗಿನ ಅಡಿಕೆ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ. ಹುಡುಗರಿಗೆಲ್ಲ ಕಂಬಳಿ ಹೊದಿಸಿ ಅದರೊಳಗೆ ಟಾರ್ಚ್ ಬಿಟ್ಟು ನೋಡಿದೆವು. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪಿಗೆಂದು ಸೇರಿಸುವ ವಸ್ತುವೂ ಅದೇ ಬೆಳಕಿಗೆ ಹೊಳೆಯುವುದರಿಂದ, ಕೈಗಿಂತ ಹೆಚ್ಚಾಗಿ ಬನಿಯನ್ನೇ ಬೆಳಗಿತು. ಎರಡು ತಂಡ ಮುಗಿಯುವಷ್ಟರಲ್ಲಿ ಬಾಟಲಿ ಖಾಲಿಯಾಯಿತು. ಆಮೇಲೆ ಕುಂಕುಮ ಬಳಸಿದೆವು, ಅದು ಒಣಗಿ ಉದುರಿತು. ಬೀಟ್‌ರೂಟ್ ರಸ ರಕ್ತದಂತೆಯೇ ಕಂಡರೂ ಕಪ್ಪು ಬಿ.ಪಿ. ಪಟ್ಟಿಯ ಮೇಲೆ ಗುರುತೇ ಹತ್ತಲಿಲ್ಲ.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂಬುದು ಆರತಿಗೆ ಓಕುಳಿ ನೀರು ಕಲೆಸುವ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನೇ ಇಲ್ಲಿ ತಂದೆ. ಗಾಯಾಳುವಾಗಿ ಮಲಗುವ ಹುಡುಗನ ಮೈಮೇಲೆ, ಬಟ್ಟೆಯ ಒಳಗೆ, ರಕ್ತದ ಬದಲಿಗೆ ಅರಿಶಿನ ಮತ್ತು ಕೊಬ್ಬರಿ ಎಣ್ಣೆಯ ಕಲಸನ್ನು ನಾಲ್ಕು ಕಡೆ ಹಚ್ಚುತ್ತೇನೆ: ತೊಡೆಯ ಸಂದು, ಕಂಕುಳು, ಬೆನ್ನಿನ ಕೆಳಭಾಗ, ಮತ್ತೊಂದು ಜಾಗ. ಆ ನಾಲ್ಕನೆಯದನ್ನು ಇಲ್ಲಿ ಬರೆದರೆ ಮುಂದಿನ ತಂಡದವರು ಓದಿಕೊಂಡು ಬರುತ್ತಾರೆ. ಎಣ್ಣೆ ಎಷ್ಟು, ಪುಡಿ ಎಷ್ಟು ಎಂಬುದನ್ನೂ ಹೇಳುವುದಿಲ್ಲ. ತೆಳುವಾದರೆ ಬಟ್ಟೆಗೆ ಹರಡುತ್ತದೆ, ಗಟ್ಟಿಯಾದರೆ ಗ್ಲೌಸಿಗೆ ಹತ್ತುವುದಿಲ್ಲ, ನಡುವಿನ ಹದವನ್ನು ಮಾಡಿಯೇ ಕಂಡುಕೊಳ್ಳಬೇಕು.

ತಪಾಸಣೆಯನ್ನು ನಿಮಗೆಲ್ಲ ತಿಳಿದಿರುವ ಕ್ರಮದಲ್ಲೇ ಮಾಡಿಸುತ್ತೇನೆ. ಮೊದಲು ಹರಿಯುವ ರಕ್ತ, ಅನಂತರ ಉಸಿರಿನ ದಾರಿ, ಉಸಿರಾಟ, ರಕ್ತಚಲನೆ, ಕೊನೆಗೆ ಮೈಯ ಶಾಖ ಮತ್ತು ತಲೆಯ ಪೆಟ್ಟು. ಕೈಯಾಡಿಸಿ ರಕ್ತ ಹುಡುಕಿ ಮುಗಿಸಿದ ಕೂಡಲೇ ‘ಕೈ ಮೇಲೆತ್ತು’ ಎನ್ನುತ್ತೇನೆ. ಬೆನ್ನಿನಡಿ ಕೈ ಹಾಕಿದ್ದರೆ ಬೆರಳ ತುದಿ ಹಳದಿಯಾಗಿರಲೇಬೇಕು, ಆಗಿಲ್ಲವಾದರೆ ಹುಡುಗ ಬೆನ್ನನ್ನು ಬಿಟ್ಟಿದ್ದಾನೆ. ಹಳದಿಯಾಗಿದ್ದರೆ ಅಲ್ಲಿಂದ ಎರಡನೆಯ ಪರೀಕ್ಷೆ ಶುರುವಾಗುತ್ತದೆ: ಆ ಕೈ ಇನ್ನು ಏನನ್ನು ಮುಟ್ಟುತ್ತದೆ? ಹೀಗೆ ತಪಾಸಣೆ ಪೂರ್ತಿಯಾಯಿತೇ, ಕೈ ಶಿಸ್ತಿನಲ್ಲಿತ್ತೇ ಎಂಬ ಎರಡಕ್ಕೂ ಒಂದೇ ಕಲಸು ಉತ್ತರ ಕೊಡುತ್ತದೆ, ಮತ್ತು ಈ ಜೋಡಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಕೊನೆಯಲ್ಲಿ ಹಳೆಯ ಬಿಳಿ ಪಂಚೆಯ ತುಂಡುಗಳನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಹಿಂಡಿ, ಹುಡುಗ ಮುಟ್ಟಿರಬಹುದಾದ ಒಂದೊಂದು ವಸ್ತುವನ್ನೂ ಒರೆಸುತ್ತೇವೆ. ಹಳದಿ ಕಣ್ಣಿಗೆ ಬೀಳದ ಕಡೆಯಲ್ಲೂ ಬಟ್ಟೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಬಿ.ಪಿ. ಉಪಕರಣದ ರಬ್ಬರ್ ಗುಂಡು, ಸ್ಟೆತಸ್ಕೋಪಿನ ಕಿವಿಯ ತುದಿ, ಮಾಸ್ಕಿನ ಮೂಗಿನ ತಂತಿ, ಜೇಬಿನಲ್ಲಿದ್ದ ಮೊಬೈಲ್ ಎಲ್ಲದರಿಂದಲೂ ಬಣ್ಣ ಬಂದಿದೆ. ಆದರೆ ತಂಡ ತಂಡಕ್ಕೂ ತಪ್ಪದೆ ಬರುವುದು ಪೆನ್ನಿನ ಕ್ಯಾಪಿನಿಂದ. ರಕ್ತ ನಿಲ್ಲಿಸಲು ಕೈಕಾಲಿಗೆ ಕಟ್ಟುವ ಪಟ್ಟಿ, ಅಂದರೆ ಟೂರ್ನಿಕೆಟ್, ಬಿಗಿದ ಸಮಯ ಬರೆಯಲೇಬೇಕು, ಹುಡುಗ ಅದೇ ಗ್ಲೌಸಿನಲ್ಲಿ ಜೇಬಿನಿಂದ ಪೆನ್ನು ತೆಗೆದು, ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿ ಬರೆಯುತ್ತಾನೆ. ಆ ಕ್ಯಾಪನ್ನು ಒರೆಸಿದ ಕೆಂಪು ಬಟ್ಟೆಯನ್ನು ಅವನ ಕೈಗೇ ಕೊಟ್ಟರೆ ಸಾಕು, ಉಪನ್ಯಾಸದ ಅಗತ್ಯ ಬೀಳುವುದಿಲ್ಲ. ಈಗ ಬರೆಯುವ ಕೆಲಸವನ್ನು ಜೊತೆಗಾರನಿಗೆ ಬಿಟ್ಟಿದ್ದೇವೆ; ಒಬ್ಬನೇ ಇದ್ದರೆ ಕ್ಯಾಪ್ ಇಲ್ಲದ ಮಾರ್ಕರನ್ನು ಮೊದಲೇ ಹೊರಗೆ ಸಿಕ್ಕಿಸಿಕೊಂಡಿರಬೇಕು.

ಗ್ಲೌಸ್ ತೆಗೆಯುವಾಗ ಆಗುವ ಹಾನಿ ಇದಕ್ಕಿಂತ ದೊಡ್ಡದು. ಮೊದಲ ದಿನ ಹತ್ತರಲ್ಲಿ ಏಳೆಂಟು ಮಂದಿಯ ಮಣಿಕಟ್ಟಿಗೆ ಅರಿಶಿನ ಅಂಟಿರುತ್ತದೆ. ಮೈಗೆ ನಾನು ಸುಣ್ಣ ತಾಗಿಸುವುದಿಲ್ಲ: ಹತ್ತಿಯಿಂದ ಮಣಿಕಟ್ಟು ಮತ್ತು ಉಗುರಂಚನ್ನು ಒರೆಸಿ, ಆ ಹತ್ತಿಯನ್ನು ತಿಳಿಯಲ್ಲಿ ಅದ್ದುತ್ತೇನೆ.

ಗ್ಲೌಸಿನ ವಿಷಯದಲ್ಲಿಯೂ ನಮಗೆ ಹಣ ಕೈಬಿಟ್ಟಿತು. ಅಗ್ಗವೆಂದು ಲ್ಯಾಟೆಕ್ಸ್ ತಂದಿದ್ದೆವು, ಕೊಬ್ಬರಿ ಎಣ್ಣೆ ತಾಗಿದ ಲ್ಯಾಟೆಕ್ಸ್ ಸ್ವಲ್ಪ ಹೊತ್ತಿಗೇ ಉಬ್ಬಿ ಸಡಿಲವಾಗಿ ಬೆರಳ ಸಂದಿಯಲ್ಲಿ ಹರಿಯಿತು. ಒಂದು ಪೆಟ್ಟಿಗೆ ಹಾಗೆಯೇ ಹೋಯಿತು. ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ಎಣ್ಣೆಯನ್ನು ತಡೆದುಕೊಳ್ಳುತ್ತದೆ, ನೂರರ ಪೆಟ್ಟಿಗೆಗೆ ನಾನೂರರ ಆಸುಪಾಸು. ಇನ್ನೊಂದು ತೊಡಕು ಎಣ್ಣೆಯಿಂದಲೇ ಬಂತು: ನೀರಿನ ತಿಳಿ ಎಣ್ಣೆಯ ಪದರದೊಳಕ್ಕೆ ಇಳಿಯದೆ ಬಣ್ಣ ಏಳುತ್ತಿರಲಿಲ್ಲ. ಒರೆಸುವ ಬಟ್ಟೆಗೆ ಮೊದಲು ಒಂದಿಷ್ಟು ಸರ್ಜಿಕಲ್ ಸ್ಪಿರಿಟ್ ತಾಗಿಸಿದ ಮೇಲೆ ಸರಿಹೋಯಿತು. ತಿಳಿಯನ್ನು ಬಾಯಿ ತೆರೆದ ಪಾತ್ರೆಯಲ್ಲಿಟ್ಟರೆ ಗಾಳಿಗೆ ಕೆನೆಗಟ್ಟಿ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಬಾಟಲಿಯಲ್ಲಿ ಕಂಠಮಟ್ಟ ತುಂಬಿ ಮುಚ್ಚಿಡಬೇಕು. ಪರೀಕ್ಷೆಗೆ ಮೊದಲು ಉಪಕರಣಕ್ಕೆ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ತಾಗಿಸಬೇಡಿ, ಅದು ಅರಿಶಿನದ ಬಣ್ಣವನ್ನೇ ಕೊಲ್ಲುತ್ತದೆ. ಕಲೆಯಾದ ಕಂಬಳಿ, ಬಟ್ಟೆಗಳಿಗೆ ಬಿಸಿಲೇ ಮದ್ದು. ಆಷಾಢದಲ್ಲಿ ನಮ್ಮಲ್ಲಿ ಅದು ವಾರಗಟ್ಟಲೆ ಸಿಗುವುದಿಲ್ಲವಾದ್ದರಿಂದ ಮಳೆಗಾಲದ ತಂಡಕ್ಕೆ ಬಟ್ಟೆಗಳನ್ನು ಬೇರೆಯೇ ಇಟ್ಟಿದ್ದೇನೆ.

ಈ ನಡುವೆ ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಸ್ಪಿರಿಟ್ ದ್ರಾವಣವಾದ ಹ್ಯಾಂಡ್ ರಬ್ಬನ್ನೂ ಪರೀಕ್ಷಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಹತ್ತು ಲೀಟರಿಗೆ 96 ಪ್ರತಿಶತ ಎಥೆನಾಲ್ 8333 ಮಿ.ಲೀ., 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಗ್ಲಿಸರಿನ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು. ಬೆರೆಸಿದ ಮೇಲೆ 72 ಗಂಟೆ ಹಾಗೆಯೇ ಇಡಬೇಕು. ಆ ಅಳತೆಯನ್ನು ಇಳಿಸಿ ಅರ್ಧ ಲೀಟರ್ ಮಾಡಿದೆ. ಅರಿಶಿನ ಹತ್ತಿದ ಬರಿಗೈಗೆ ಅದನ್ನು ಹಾಕಿ ಉಜ್ಜಿದರೆ ಒಂದೆಡೆ ಇದ್ದ ಹಳದಿ ಸ್ಪಿರಿಟ್ಟಿನಲ್ಲಿ ಕರಗಿ ಅಂಗೈಗೆಲ್ಲ ಹರಡಿತು. ಕಣ್ಣಿಗೆ ಕಾಣುವ ಕೊಳೆ ಇದ್ದರೆ ರಬ್ ಸಾಲದು, ಸೋಪು ನೀರೇ ಬೇಕು ಎಂಬ ನಿಯಮವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಸಿಕ್ಕಿಲ್ಲ. ಸೋಪು ಬಿಲ್ಲೆಯಿಂದ ತೊಳೆಯುವಾಗ ನೊರೆ ಕೆಂಪಾದರೆ ಗಾಬರಿಯಾಗಬೇಕಿಲ್ಲ, ಸೋಪಿನ ಕ್ಷಾರಕ್ಕೂ ಅರಿಶಿನ ಹಾಗೆಯೇ ತಿರುಗುತ್ತದೆ.

ಮಲೆನಾಡಿನ ಹುಡುಗರಿಗೆಂದು ಇನ್ನೊಂದನ್ನು ಸೇರಿಸಿದ್ದೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುವಂಥದ್ದು, ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಅದರ ಸಣ್ಣ ಮರಿ. ಜ್ವರದ ರೋಗಿಯ ಪಾತ್ರ ಮಾಡುವವನ ಕಿವಿಯ ಹಿಂದೆ, ಸೊಂಟದ ಪಟ್ಟಿಯ ಅಡಿ, ಮಂಡಿಯ ಹಿಂದೆ ಉಣುಗಿನ ಬದಲಿಗೆ ಕರಿ ಎಳ್ಳನ್ನು ಗೋಂದಿನಿಂದ ಅಂಟಿಸುತ್ತೇನೆ. ಕಾಡಿಗೆ ಹೋಗಿದ್ದಿರಾ, ಮಂಗ ಸತ್ತದ್ದನ್ನು ನೋಡಿದಿರಾ ಎಂದು ಕೇಳುವುದನ್ನು ಹುಡುಗರು ಬೇಗ ಕಲಿಯುತ್ತಾರೆ. ಬಟ್ಟೆ ಸರಿಸಿ ಮೈ ನೋಡುವುದನ್ನು ಕಲಿಯಲು ಹೆಚ್ಚು ದಿನ ಹಿಡಿಯುತ್ತದೆ. ಎಳ್ಳನ್ನು ಬರಿಗೈಯಲ್ಲಿ ಕಿತ್ತವನಿಗೆ ಅಂಕವಿಲ್ಲ, ಚಿಮುಟ ಬೇಕು. ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ. ಅಭಿವೃದ್ಧಿಪಡಿಸಿದ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ನಮ್ಮ ಕಾಡಂಚಿನ ಊರುಗಳಿಗೂ ಬರುತ್ತದೆ ಎಂದಾಗ ಹುಡುಗರು ಕಿವಿಗೊಟ್ಟು ಕೇಳುತ್ತಾರೆ.

ಉಸಿರು ಎಣಿಸುವುದನ್ನು ನಾಡಿ ಹಿಡಿದ ಕೈ ಬಿಡದೆ ಪೂರ್ತಿ ಒಂದು ನಿಮಿಷ ಮಾಡಿಸುತ್ತೇನೆ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಆ ಒಂದು ನಿಮಿಷ ಕೈ ಕಟ್ಟಿಹಾಕಿದಂತಿರುವುದರಿಂದ ಮೂಗು, ಕನ್ನಡಕ ಮುಟ್ಟುವ ಅಭ್ಯಾಸವೂ ಹಿಡಿತಕ್ಕೆ ಬರುವುದನ್ನು ಸುಬೇದಾರ್ ಸಾಹೇಬರೇ ಮೊದಲು ಗಮನಿಸಿದರು. ಮೂರನೆಯ ವಾರದ ಹೊತ್ತಿಗೆ ಮಣಿಕಟ್ಟು ಒರೆಸಿದ ಹತ್ತಿ ಕೆಂಪಾಗುವವರು ಹತ್ತಕ್ಕೆ ಒಬ್ಬಿಬ್ಬರು ಮಾತ್ರ ಉಳಿಯುತ್ತಾರೆ.

ಈಗ ಹತ್ತು ಹುಡುಗರ ಒಂದು ತಂಡಕ್ಕೆ ಗ್ಲೌಸ್ ಸೇರಿ ಐನೂರರಿಂದ ಆರುನೂರು ರೂಪಾಯಿ ಬೀಳುತ್ತದೆ, ಅದರಲ್ಲಿ ಅರಿಶಿನ, ಎಣ್ಣೆ, ಸ್ಪಿರಿಟ್ ಎಲ್ಲ ಸೇರಿ ನೂರೈವತ್ತು ದಾಟುವುದಿಲ್ಲ. ಮಾಡಿ ನೋಡುವವರು ವೀಳ್ಯಕ್ಕೆ ಹಚ್ಚುವ ಸುಣ್ಣವನ್ನೇ ನೀರಿನಲ್ಲಿ ಕದಡಿ, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಿರಿ. ತಿಳಿ ಬಗ್ಗಿಸುವವರು ಕನ್ನಡಕ ಹಾಕಿಕೊಳ್ಳಬೇಕು, ಮತ್ತು ಕಣ್ಣಿಗೆ ಸಿಡಿದರೆ ತೊಳೆಯಲು ಒಂದು ಬಕೆಟ್ ಶುದ್ಧ ನೀರು ಪಕ್ಕದಲ್ಲೇ ಇರಬೇಕು.